ಕಂಪ್ಯೂಟರ್ ಧೂಳು ತೆಗೆಯಲು ಯಾವುದು ಸರಿ? ಗಾಳಿ ಕ್ಯಾನ್, ಬ್ಲೋವರ್, ಕಂಪ್ರೆಸರ್, ವ್ಯಾಕ್ಯೂಮ್ ಹೋಲಿಕೆ

ಫ್ಯಾನ್ ಸದ್ದು ದಿನೇ ದಿನೇ ಜಾಸ್ತಿ ಆಗುತ್ತಿದೆ, ಸ್ವಲ್ಪ ಭಾರದ ಕೆಲಸ ಕೊಟ್ಟರೂ ಕಂಪ್ಯೂಟರ್ ಬಿಸಿಯಾಗಿ ನಿಧಾನವಾಗುತ್ತದೆ ಅಂದರೆ ಮೊದಲು ಕ್ಯಾಬಿನೆಟ್ ಮುಚ್ಚಳ ತೆಗೆದು ಹೀಟ್‌ಸಿಂಕ್ ನೋಡಿ. ಪ್ರೊಸೆಸರ್‌ನ (ಕಂಪ್ಯೂಟರ್‌ನ ಮುಖ್ಯ ಚಿಪ್) ಬಿಸಿಯನ್ನು ಹೊರಗೆ ಬಿಡುವ ಲೋಹದ ಭಾಗ ಅದು. ಅದರ ತೆಳು ತಗಡುಗಳ ನಡುವೆ ಧೂಳು ತುಂಬಿಕೊಂಡರೆ ಗಾಳಿಗೆ ಹೋಗಲು ದಾರಿಯೇ ಇರುವುದಿಲ್ಲ. ಆಗ ಪ್ರೊಸೆಸರ್ ಸುಟ್ಟುಹೋಗದಿರಲೆಂದು ತಾನೇ ತನ್ನ ವೇಗ ಇಳಿಸಿಕೊಳ್ಳುತ್ತದೆ. ನಾವು ಮಾತ್ರ ಕಂಪ್ಯೂಟರ್ ಹಳೆಯದಾಯಿತು, ಹೊಸದು ಕೊಳ್ಳಬೇಕು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದಕ್ಕೆ ಬೇಕಿರುವುದು ಒಮ್ಮೆ ಸರಿಯಾಗಿ ಧೂಳು ತೆಗೆಯುವುದು, ಅಷ್ಟೇ.

ಯಾವುದರಿಂದ ತೆಗೆಯಬೇಕು ಅನ್ನುವುದಕ್ಕೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಡೆಸ್ಕ್‌ಟಾಪ್ ಇದ್ದು ಅದನ್ನು ಆಗಾಗ ಶುಚಿ ಮಾಡುವವರಾದರೆ ವಯರ್ ಇರುವ ಎಲೆಕ್ಟ್ರಿಕ್ ಬ್ಲೋವರ್ ಮತ್ತು ಒಂದು ಮೃದುವಾದ ಬ್ರಷ್ ತಗೊಳ್ಳಿ. ಅಪರೂಪಕ್ಕೊಮ್ಮೆ ಒಂದು ಲ್ಯಾಪ್‌ಟಾಪೋ ಕೀಬೋರ್ಡೋ ಮಾತ್ರ ಅಂದರೆ ಗಾಳಿ ಕ್ಯಾನ್ (ಒತ್ತಿದರೆ ಗಾಳಿಯಂತೆ ಊದುವ ಸ್ಪ್ರೇ ಡಬ್ಬಿ) ಸಾಕು. ಕಂಪ್ರೆಸರ್ ರಿಪೇರಿ ಅಂಗಡಿಗೆ ಸರಿ, ಮನೆಗೆ ಬೇಡ. ವ್ಯಾಕ್ಯೂಮ್ ಕ್ಲೀನರ್ ಅನ್ನು ಕ್ಯಾಬಿನೆಟ್ ಒಳಗೆ ತೂರಿಸಲೇಬೇಡಿ. ಯಾಕೆ ಅನ್ನುವುದು ಮುಖ್ಯ, ಯಾಕೆಂದರೆ ನಿಮ್ಮ ಮನೆಯ ಪರಿಸ್ಥಿತಿ ಬೇರೆ ಇದ್ದರೆ ಉತ್ತರವೂ ಬೇರೆ ಆಗಬಹುದು.

ಒತ್ತಡ ಒಂದನ್ನೇ ನೋಡಬೇಡಿ

ಕೊಳ್ಳುವಾಗ ಎಲ್ಲರೂ ಕೇಳುವುದು ಎಷ್ಟು ಜೋರಾಗಿ ಊದುತ್ತದೆ ಅಂತ. ಆದರೆ ಧೂಳು ಹೋಗಲು ಎರಡು ಕೆಲಸ ಆಗಬೇಕು. ಅಂಟಿಕೊಂಡಿರುವ ಧೂಳು ಮೊದಲು ಕಿತ್ತು ಬರಬೇಕು, ಆಮೇಲೆ ಅದು ಕ್ಯಾಬಿನೆಟ್‌ನಿಂದ ಹೊರಗೆ ಹೋಗಬೇಕು. ಮೊದಲನೆಯದಕ್ಕೆ ವೇಗ ಬೇಕು, ಎರಡನೆಯದಕ್ಕೆ ಗಾಳಿಯ ಪ್ರಮಾಣ ಬೇಕು. ಕ್ಯಾನ್‌ನಲ್ಲಿ ವೇಗ ಚೆನ್ನಾಗಿದೆ, ಪ್ರಮಾಣ ಕಡಿಮೆ, ಹಾಗಾಗಿ ವಿಡಿಯೊ ಕಾರ್ಡ್ ಮೇಲಿನ ಧೂಳು ಎದ್ದು ಹೋಗಿ ಮದರ್‌ಬೋರ್ಡ್ ಮೇಲೆ ಕೂರುತ್ತದೆ. ಬ್ಲೋವರ್‌ನಲ್ಲಿ ಸಾಕಷ್ಟು ವೇಗದ ಜೊತೆ ಪ್ರಮಾಣವೂ ಧಾರಾಳವಾಗಿದೆ. ಕಂಪ್ರೆಸರ್‌ನಲ್ಲಿ ಒತ್ತಡ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಎಳೆಯುವುದಕ್ಕಿಂತ ಊದುವುದು ಯಾಕೆ ಮೇಲು ಅಂತ ಕೇಳಿದರೆ, ದೀಪವನ್ನು ಊದಿ ಆರಿಸಬಹುದು, ಉಸಿರು ಎಳೆದು ಆರಿಸಲು ಆಗುವುದಿಲ್ಲ, ಅಲ್ವಾ? ಊದಿದ ಗಾಳಿ ಒಂದೇ ದಿಕ್ಕಿನಲ್ಲಿ ದೂರದ ತನಕ ಹೋಗುತ್ತದೆ. ಎಳೆಯುವ ಗಾಳಿ ಎಲ್ಲ ದಿಕ್ಕಿನಿಂದಲೂ ಬರುವುದರಿಂದ ಮೂತಿಯಿಂದ ಸ್ವಲ್ಪ ದೂರ ಆದರೂ ಬಲವೇ ಇರುವುದಿಲ್ಲ. ವ್ಯಾಕ್ಯೂಮ್ ಮೂತಿಯನ್ನು ಭಾಗಗಳಿಗೆ ತೀರಾ ಹತ್ತಿರ ಒಯ್ಯಬೇಕಾಗುವುದು ಇದಕ್ಕೇ, ಅಪಾಯ ಶುರುವಾಗುವುದೂ ಅಲ್ಲೇ.

ಗಾಳಿ ಕ್ಯಾನ್

ಹೆಸರು ಏನೇ ಇರಲಿ, ಕ್ಯಾನ್ ಒಳಗಿರುವುದು ಗಾಳಿಯಲ್ಲ. ಒತ್ತಡದಲ್ಲಿ ದ್ರವವಾಗಿ ಕೂತಿರುವ ಅನಿಲ. ಬಹಳಷ್ಟು ಕ್ಯಾನ್‌ಗಳಲ್ಲಿ ಡೈಫ್ಲೂರೋಈಥೇನ್ ಇರುತ್ತದೆ, ಲೇಬಲ್ ಮೇಲೆ ಎಚ್‌ಎಫ್‌ಸಿ-152ಎ ಅಂತಲೂ ಬರೆದಿರುತ್ತಾರೆ. ಕೆಲವದರಲ್ಲಿ ಟೆಟ್ರಾಫ್ಲೂರೋಈಥೇನ್, ಅಂದರೆ ಎಚ್‌ಎಫ್‌ಸಿ-134ಎ. ಮೊದಲನೆಯದು ಸುಮಾರು ಮೈನಸ್ 25 ಡಿಗ್ರಿಯಲ್ಲಿ ಕುದಿಯುತ್ತದೆ, ಎರಡನೆಯದು ಮೈನಸ್ 26ರಲ್ಲಿ. ಕೋಣೆಯ ಬಿಸಿಗೆ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ 5 ಬಾರ್‌ನಷ್ಟು ಜಾಸ್ತಿ ಇರುತ್ತದೆ, ಕೊನೆಯ ಹನಿ ದ್ರವ ಉಳಿಯುವ ತನಕವೂ ಆ ಒತ್ತಡ ಇರುತ್ತದೆ. ಅಷ್ಟೇ ಒತ್ತಡಕ್ಕೆ ಬರೀ ಗಾಳಿ ತುಂಬಿದ್ದರೆ ಒಂದೆರಡು ಸಲ ಒತ್ತುವಷ್ಟರಲ್ಲಿ ಕ್ಯಾನ್ ಖಾಲಿ ಆಗುತ್ತಿತ್ತು. ಒಂದು ಸಣ್ಣ ಕ್ಯಾನ್ ಅಷ್ಟು ಹೊತ್ತು ಬರುವುದರ ಗುಟ್ಟು ಇದೇ.

ಅದರ ತೊಂದರೆಗಳೂ ಇದೇ ಗುಣದಿಂದ ಬರುತ್ತವೆ. ದ್ರವ ಕುದಿದು ಅನಿಲವಾಗಲು ಶಾಖ ಬೇಕು, ಆ ಶಾಖವನ್ನು ಅದು ಕ್ಯಾನ್‌ನಿಂದಲೇ ಎಳೆದುಕೊಳ್ಳುತ್ತದೆ. ಹಾಗಾಗಿ ಎಡೆಬಿಡದೆ ಒತ್ತಿದರೆ ಕೈಯಲ್ಲಿ ಹಿಡಿಯಲಾಗದಷ್ಟು ತಣ್ಣಗಾಗುತ್ತದೆ, ಒತ್ತಡ ಬಿದ್ದುಹೋಗುತ್ತದೆ, ಖಾಲಿಯಾಯಿತು ಅಂದುಕೊಂಡು ಎಷ್ಟೋ ಜನ ಅರ್ಧ ತುಂಬಿದ ಕ್ಯಾನ್ ಎಸೆಯುತ್ತಾರೆ. ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ಮತ್ತೆ ಬಲ ಬರುತ್ತದೆ. ಒಂದೆರಡು ಸೆಕೆಂಡು ಒತ್ತಿ, ಬಿಡಿ, ಮತ್ತೆ ಒತ್ತಿ.

ಇನ್ನೂ ಮುಖ್ಯವಾದದ್ದು, ಕ್ಯಾನ್ ಅನ್ನು ನೆಟ್ಟಗೇ ಹಿಡಿಯಬೇಕು. ಓರೆ ಮಾಡಿದರೆ ಅಥವಾ ಬಳಸುವ ಮುಂಚೆ ಕುಲುಕಿದರೆ ಅನಿಲದ ಬದಲು ದ್ರವವೇ ಹೊರಗೆ ಚಿಮ್ಮುತ್ತದೆ. ಚರ್ಮಕ್ಕೆ ತಾಗಿದರೆ ಹಿಮದಿಂದ ಸುಟ್ಟಂಥ ಗಾಯ ಆಗುತ್ತದೆ. ಬೋರ್ಡ್ ಮೇಲೆ ಬಿದ್ದರೆ ಆ ಜಾಗ ಗಕ್ಕನೆ ತಣ್ಣಗಾಗಿ ಸುತ್ತಲಿನ ಗಾಳಿಯ ತೇವ ಅಲ್ಲಿ ಹನಿಗಟ್ಟುತ್ತದೆ. ಬಿಳಿ ಹಿಮದಂತೆ ಕಂಡರೆ ಅದು ಪೂರ್ತಿ ಕರಗಿ ಒಣಗುವ ತನಕ ಕರೆಂಟ್ ಕೊಡಬೇಡಿ. ಡೆಸ್ಕ್‌ಟಾಪ್ ಕ್ಯಾಬಿನೆಟ್ ಮೂಲೆಗೆ ಊದುವಾಗ ಕೈ ತಾನಾಗಿಯೇ ಓರೆ ಆಗುತ್ತದೆ. ಕ್ಯಾಬಿನೆಟ್ ಅನ್ನೇ ಮಲಗಿಸಿ, ತಿರುಗಿಸಿ, ಕ್ಯಾನ್ ನೆಟ್ಟಗೆ ಇರಲಿ.

152ಎ ಹೊತ್ತಿಕೊಳ್ಳುವ ಅನಿಲ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಓಡುತ್ತಿರುವ ಕಂಪ್ಯೂಟರ್ ಒಳಗೆ ಊದುವುದು, ಊದಿದ ಕೂಡಲೇ ಸ್ವಿಚ್ ಹಾಕುವುದು, ಮುಚ್ಚಿದ ಕೋಣೆಯಲ್ಲಿ ಅರ್ಧ ಕ್ಯಾನ್ ಖಾಲಿ ಮಾಡುವುದು, ಇವೆಲ್ಲ ನಿಜವಾದ ಬೆಂಕಿಯ ಅಪಾಯಗಳು. ಕಿಟಕಿ ತೆರೆದಿಡಿ, ಊದಿದ ಮೇಲೆ ಅನಿಲ ಚದುರಲು ಕೆಲವು ನಿಮಿಷ ಬಿಡಿ. 134ಎ ಹೊತ್ತಿಕೊಳ್ಳುವುದಿಲ್ಲ, ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಅದು ಬಲು ಜೋರು: ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,400 ಪಟ್ಟು. 152ಎ ಲೆಕ್ಕ ಸುಮಾರು 120ರಿಂದ 140 ಪಟ್ಟು. ಯುರೋಪಿಯನ್ ಒಕ್ಕೂಟ 2018ರಿಂದ ಇಂಥ ಕ್ಯಾನ್‌ಗಳಲ್ಲಿ ಈ ಲೆಕ್ಕ 150 ದಾಟುವ ಅನಿಲಗಳನ್ನು ಬಹುಮಟ್ಟಿಗೆ ನಿಲ್ಲಿಸಿದೆ. 2016ರ ಕಿಗಾಲಿ ಒಪ್ಪಂದದಲ್ಲೂ ಎಚ್‌ಎಫ್‌ಸಿಗಳನ್ನು (ಇದೇ ಬಗೆಯ ಅನಿಲಗಳನ್ನು) ಹಂತಹಂತವಾಗಿ ಇಳಿಸಲು ದೇಶಗಳು ಒಪ್ಪಿವೆ. ಕೆಲವು ಕ್ಯಾನ್‌ಗಳಲ್ಲಿ ಅಡುಗೆ ಗ್ಯಾಸ್‌ನಲ್ಲಿರುವ ಪ್ರೊಪೇನ್, ಬ್ಯೂಟೇನ್‌ಗಳೇ ಇರುತ್ತವೆ, ಅವು ಇನ್ನೂ ಬೇಗ ಹೊತ್ತಿಕೊಳ್ಳುತ್ತವೆ. ಹಾಗಾಗಿ ಕೊಳ್ಳುವ ಮುಂಚೆ ಲೇಬಲ್ ಓದಿ.

ಮನೆಯಲ್ಲಿ ಮಕ್ಕಳಿದ್ದರೆ ಕ್ಯಾನ್ ಅನ್ನು ಬೀಗದೊಳಗೆ ಇಡಿ. ಈ ಅನಿಲವನ್ನು ಬೇಕಂತಲೇ ಉಸಿರಿಗೆ ಎಳೆದುಕೊಂಡರೆ ಹೃದಯದ ಬಡಿತ ತಪ್ಪಿ ಮೊದಲ ಸಲಕ್ಕೇ ಪ್ರಾಣ ಹೋಗಬಹುದು. ಅದಕ್ಕಾಗಿಯೇ ತಯಾರಕರು ಹಲವು ಕ್ಯಾನ್‌ಗಳಲ್ಲಿ ಕಹಿ ಪದಾರ್ಥ ಬೆರೆಸುತ್ತಾರೆ. ಬಿಸಿಲಲ್ಲಿ ನಿಂತ ಕಾರಿನೊಳಗೂ ಬಿಡಬೇಡಿ, 50 ಡಿಗ್ರಿ ದಾಟಿದರೆ ಕ್ಯಾನ್ ಸಿಡಿಯಬಹುದು.

ಇಷ್ಟೆಲ್ಲ ಹೇಳಿದರೂ ಕ್ಯಾನ್‌ಗೆ ತನ್ನದೇ ಜಾಗ ಇದೆ. ತೆಳು ಕೊಳವೆ ಇರುವುದರಿಂದ ಕೀಬೋರ್ಡ್ ಕೀಲಿಗಳ ಸಂದಿಗೆ, ಲ್ಯಾಪ್‌ಟಾಪ್ ಹೀಟ್‌ಸಿಂಕ್‌ಗೆ, ಪೋರ್ಟ್‌ಗಳ ಮೂಲೆಗೆ ಅದರಷ್ಟು ಗುರಿಯಿಟ್ಟು ಊದುವುದು ಬೇರೆ ಯಾವುದೂ ಇಲ್ಲ. ಸದ್ದಿಲ್ಲ, ಚಾರ್ಜ್ ಮಾಡಬೇಕಿಲ್ಲ.

ಎಲೆಕ್ಟ್ರಿಕ್ ಬ್ಲೋವರ್

ಇದರಲ್ಲಿ ಗುಟ್ಟೇನೂ ಇಲ್ಲ. ಮೋಟಾರ್ ಕೋಣೆಯ ಗಾಳಿಯನ್ನೇ ಎಳೆದು ಜೋರಾಗಿ ಹೊರಗೆ ದೂಡುತ್ತದೆ. ದ್ರವ ಇಲ್ಲ, ಹಿಮ ಇಲ್ಲ, ಖಾಲಿಯಾಗುವ ಮಾತಿಲ್ಲ. ಹೇಗೆ ಬೇಕಾದರೂ ಓರೆ ಮಾಡಿ ಹಿಡಿಯಬಹುದು. ಒಂದು ಕ್ಯಾಬಿನೆಟ್ ಪೂರ್ತಿ ಶುಚಿ ಮಾಡಲು ಕ್ಯಾನ್ ಹಿಡಿದು ಒತ್ತಿ ಒತ್ತಿ ಬೆರಳು ನೋಯಿಸಿಕೊಂಡವರಿಗೆ ವ್ಯತ್ಯಾಸ ಮೊದಲ ನಿಮಿಷಕ್ಕೇ ಗೊತ್ತಾಗುತ್ತದೆ.

ವಯರ್ ಇರುವುದು ಮತ್ತು ಬ್ಯಾಟರಿಯದು ಅಂತ ಎರಡು ಬಗೆ. ಕಂಪ್ಯೂಟರ್‌ಗೆಂದೇ ಮಾಡಿದ ವಯರ್ ಬ್ಲೋವರ್‌ಗಳು 500 ವ್ಯಾಟ್ ಆಸುಪಾಸಿನಲ್ಲಿ ಸಿಗುತ್ತವೆ, ಶುರುವಿನಿಂದ ಕೊನೆಯವರೆಗೆ ಒಂದೇ ಬಲದಲ್ಲಿ ಊದುತ್ತವೆ. ಸದ್ದು ಮಾತ್ರ ವಿಪರೀತ, ಕಿವಿಗೆ ಏನಾದರೂ ಹಾಕಿಕೊಳ್ಳಿ. ಬ್ಯಾಟರಿಯದು ಹಗುರ, ಎಲ್ಲಿಗಾದರೂ ಒಯ್ಯಬಹುದು, ಆದರೆ ಚಾರ್ಜ್ ಇಳಿದಂತೆ ಬಲವೂ ಇಳಿಯುತ್ತದೆ ಮತ್ತು ಪೂರ್ತಿ ವೇಗದಲ್ಲಿ ಇಟ್ಟರೆ ಬೇಗ ಮುಗಿಯುತ್ತದೆ. ಇಂಥವುಗಳ ಜಾಹೀರಾತಿನಲ್ಲಿ ಮೋಟಾರ್ ನಿಮಿಷಕ್ಕೆ ಎಷ್ಟು ಸಾವಿರ ಸುತ್ತು ತಿರುಗುತ್ತದೆ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಆ ಸಂಖ್ಯೆ ನೋಡಿ ತೀರ್ಮಾನ ಮಾಡಬೇಡಿ, ಒಳಗಿನ ರೆಕ್ಕೆ ಎಷ್ಟು ದೊಡ್ಡದು, ಮೂತಿ ಎಷ್ಟು ಕಿರಿದು ಅನ್ನುವುದರ ಮೇಲೆ ಗಾಳಿ ನಿಂತಿರುತ್ತದೆ, ಸುಮ್ನೆ ಸುತ್ತಿನ ಲೆಕ್ಕ ಏನನ್ನೂ ಹೇಳುವುದಿಲ್ಲ. ವೇಗ ಕಡಿಮೆ ಮಾಡುವ ಸೌಲಭ್ಯ ಇದೆಯಾ, ಕಿರಿದಾದ ಮೂತಿ ಜೊತೆಗೆ ಬರುತ್ತದಾ, ಗಾಳಿ ಎಳೆಯುವ ಕಡೆ ತೆಗೆದು ತೊಳೆಯುವ ಫಿಲ್ಟರ್ ಇದೆಯಾ, ಬ್ಯಾಟರಿ ಸತ್ತರೆ ಬದಲಿಸಬಹುದಾ, ಇವನ್ನು ನೋಡಿ.

ಫಿಲ್ಟರ್ ವಿಷಯ ಸಣ್ಣದಲ್ಲ. ಬ್ಲೋವರ್ ತಾನೇ ಎಬ್ಬಿಸಿದ ಧೂಳನ್ನು ತಾನೇ ಎಳೆದುಕೊಂಡು ಮತ್ತೆ ಕಂಪ್ಯೂಟರ್ ಒಳಗೆ ಊದಬಹುದು. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುವಂತೆ ನಿಂತುಕೊಂಡರೆ ಈ ತೊಂದರೆ ಇರುವುದಿಲ್ಲ. ಬಹಳ ಹೊತ್ತು ಓಡಿಸಿದರೆ ಮೋಟಾರ್ ಬಿಸಿಯಾಗಿ ಬರುವ ಗಾಳಿಯೂ ಬಿಸಿ ಆಗುತ್ತದೆ, ನಡುವೆ ನಿಲ್ಲಿಸಿ. ಒಣ ಎಲೆ ಗುಡಿಸುವ ದೊಡ್ಡ ಬ್ಲೋವರ್ ಮನೆಯಲ್ಲಿದೆ, ಅದೇ ಸಾಕಲ್ವಾ ಅಂತ ಕೇಳುವವರಿದ್ದಾರೆ. ಗಾಳಿ ಬೇಕಾದಷ್ಟಿದೆ, ಆದರೆ ಮೂತಿ ಅಗಲ, ಗುರಿ ಇಲ್ಲ, ಸಡಿಲ ವಯರ್‌ಗಳನ್ನು ಎಳೆದಾಡುತ್ತದೆ. ನಾನಂತೂ ಬೇಡ ಅನ್ನುತ್ತೇನೆ.

ಏರ್ ಕಂಪ್ರೆಸರ್

ವರ್ಕ್‌ಶಾಪ್ ಕಂಪ್ರೆಸರ್‌ನ ಟ್ಯಾಂಕ್‌ನಲ್ಲಿ ಸಾಮಾನ್ಯವಾಗಿ 100ರಿಂದ 150 ಪಿಎಸ್‌ಐ ಒತ್ತಡ ಇರುತ್ತದೆ. ಗಾಳಿಯನ್ನು ಹಾಗೆ ಒತ್ತಿದಾಗ ಅದರಲ್ಲಿದ್ದ ತೇವ ನೀರಾಗಿ ಟ್ಯಾಂಕ್ ತಳಕ್ಕೆ ಇಳಿಯುತ್ತದೆ. ಎಣ್ಣೆ ಹಾಕುವ ಬಗೆಯ ಪಂಪ್ ಆದರೆ ಎಣ್ಣೆಯ ಸಣ್ಣ ಹನಿಗಳೂ ಗಾಳಿಯ ಜೊತೆ ಬರುತ್ತವೆ. ಟ್ಯಾಂಕ್ ಹಳೆಯದಾದರೆ ತುಕ್ಕಿನ ಚೂರೂ ಬರಬಹುದು. ನೀರು, ಎಣ್ಣೆ, ತುಕ್ಕು ಮೂರೂ ಬೋರ್ಡ್ ಮೇಲೆ ಬೇಡವಾದವು. ಎಣ್ಣೆ ಬಿದ್ದ ಜಾಗಕ್ಕೆ ಮುಂದಿನ ಧೂಳು ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಬಳಸಲೇಬೇಕು ಅಂದರೆ ಎಣ್ಣೆ ಬೇಡದ ಕಂಪ್ರೆಸರ್ ಇರಲಿ, ಟ್ಯಾಂಕ್ ನೀರನ್ನು ಮೊದಲು ಹೊರಗೆ ಬಿಡಿ, ರೆಗ್ಯುಲೇಟರ್‌ನಿಂದ ಒತ್ತಡವನ್ನು 30 ಪಿಎಸ್‌ಐ ಒಳಗೆ ಇಳಿಸಿ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲೂ ಗಾಳಿಯಿಂದ ಶುಚಿ ಮಾಡುವುದಕ್ಕೆ 30 ಪಿಎಸ್‌ಐ ಮಿತಿ ಇದೆ. ಅದು ಮನುಷ್ಯರ ಮೈಗೆ ಆಗುವ ಅಪಾಯ ನೋಡಿ ಇಟ್ಟ ಮಿತಿ, ಕಂಪ್ಯೂಟರ್‌ಗೂ ಅದೇ ಒಳ್ಳೆಯ ಅಂಕಿ. ನೀರು ಬೇರ್ಪಡಿಸುವ ಫಿಲ್ಟರ್ ಅನ್ನು ಕಂಪ್ರೆಸರ್ ಬುಡದಲ್ಲೇ ಹಾಕಿದರೆ ಪೂರ್ತಿ ಉಪಯೋಗ ಆಗುವುದಿಲ್ಲ. ಅಲ್ಲಿ ಗಾಳಿ ಇನ್ನೂ ಬಿಸಿ ಇರುತ್ತದೆ, ಮುಂದೆ ಪೈಪಿನಲ್ಲಿ ತಣ್ಣಗಾದ ಮೇಲೆ ನೀರು ಬಿಡುತ್ತದೆ. ಹಾಗಾಗಿ ಫಿಲ್ಟರ್ ಪೈಪಿನ ಕೊನೆಯ ಕಡೆ ಇರಬೇಕು. ಕಂಪ್ಯೂಟರ್‌ಗೆ ತಿರುಗಿಸುವ ಮುಂಚೆ ಒಂದು ಬಿಳಿ ಕಾಗದಕ್ಕೆ ಸ್ವಲ್ಪ ಹೊತ್ತು ಊದಿ ನೋಡಿ, ಕಲೆ ಬಿದ್ದರೆ ನಿಲ್ಲಿಸಿ.

ಈ ಗಾಳಿಯನ್ನು ಯಾರ ಮೈಮೇಲೂ, ತಮಾಷೆಗೂ, ಬಿಡಬೇಡಿ. ಗಾಯದ ಮೂಲಕ ರಕ್ತದೊಳಗೆ ಗಾಳಿ ಹೋಗಬಹುದು, ಕಣ್ಣು ಕಿವಿ ಹಾಳಾಗಬಹುದು. ದಿನಕ್ಕೆ ಹತ್ತಾರು ಕಂಪ್ಯೂಟರ್ ಬರುವ ರಿಪೇರಿ ಅಂಗಡಿಯವರು ಇದನ್ನೆಲ್ಲ ಸರಿಯಾಗಿ ಜೋಡಿಸಿಟ್ಟುಕೊಂಡರೆ ಕಂಪ್ರೆಸರ್‌ನಷ್ಟು ಬೇಗ ಕೆಲಸ ಮುಗಿಸುವುದು ಬೇರೊಂದಿಲ್ಲ. ಒಂದೇ ಒಂದು ಕಂಪ್ಯೂಟರ್‌ಗಾಗಿ ಇಷ್ಟು ಏರ್ಪಾಡು ಯಾಕೆ? ಇನ್ನು ಗಾಡಿ ಟೈರಿಗೆ ಗಾಳಿ ತುಂಬುವ ಪುಟ್ಟ ಪಂಪ್ ಇದಕ್ಕೆ ಆಗುವುದಿಲ್ಲ, ಅದು ಬಿಡುವ ಗಾಳಿ ತೀರಾ ಕಡಿಮೆ.

ವ್ಯಾಕ್ಯೂಮ್ ಕ್ಲೀನರ್

ಧೂಳು ಹಾರುವುದಿಲ್ಲ, ಎಲ್ಲ ಚೀಲದೊಳಗೆ ಹೋಗುತ್ತದೆ ಅನ್ನುವುದು ಕೇಳಲು ಚೆನ್ನಾಗಿದೆ. ಆದರೆ ಪ್ಲಾಸ್ಟಿಕ್ ಕೊಳವೆಯಲ್ಲಿ ಧೂಳು ಉಜ್ಜಿಕೊಂಡು ಹೋಗುವಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಕೈಗೆ ಚುರ್ ಅಂತ ತಟ್ಟಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಕೆಲವು ಚಿಪ್‌ಗಳು 100 ವೋಲ್ಟ್‌ಗೇ ಹಾಳಾಗಬಹುದು. ಅಂದರೆ ಹಾನಿ ಆದದ್ದು ನಿಮಗೆ ಗೊತ್ತೇ ಆಗುವುದಿಲ್ಲ, ಕೆಲವೊಮ್ಮೆ ಚಿಪ್ ಅಂದೇ ಸಾಯದೆ ದುರ್ಬಲವಾಗಿ ತಿಂಗಳುಗಟ್ಟಲೆ ಕಳೆದ ಮೇಲೆ ಕೈಕೊಡುತ್ತದೆ. ವ್ಯಾಕ್ಯೂಮ್ ಬಳಸಿದವರೆಲ್ಲರ ಕಂಪ್ಯೂಟರ್ ಹಾಳಾಗುತ್ತದೆ ಅಂತ ನಾನು ಹೇಳುತ್ತಿಲ್ಲ, ಎಷ್ಟೋ ಜನರಿಗೆ ಏನೂ ಆಗಿರುವುದಿಲ್ಲ. ಆದರೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ದಾರಿ ಇರುವಾಗ ಆ ಅಪಾಯ ಯಾಕೆ ತಂದುಕೊಳ್ಳಬೇಕು? ಜೊತೆಗೆ ಸಣ್ಣ ಸ್ಕ್ರೂ, ಜಂಪರ್ ಎಲ್ಲ ಒಳಗೆ ಹೋಗಿಬಿಡುತ್ತವೆ. ಎಲೆಕ್ಟ್ರಾನಿಕ್ಸ್‌ಗೆಂದೇ ಸ್ಥಿರ ವಿದ್ಯುತ್ ಹರಿದುಹೋಗುವ ಕೊಳವೆಯ ವ್ಯಾಕ್ಯೂಮ್‌ಗಳಿವೆ, ಪ್ರಿಂಟರ್ ಟೋನರ್ ಪುಡಿ ತೆಗೆಯಲು ಅವೇ ಸರಿ. ಅವು ಬೇರೆ ಮಾತು.

ಮನೆಯ ವ್ಯಾಕ್ಯೂಮ್‌ಗೂ ಒಳ್ಳೆಯ ಕೆಲಸ ಇದೆ. ಬ್ಲೋವರ್‌ನಿಂದ ಊದುವಾಗ ಇನ್ನೊಬ್ಬರು ಅದರ ಮೂತಿಯನ್ನು ಕ್ಯಾಬಿನೆಟ್ ಹೊರಗೆ, ಧೂಳು ಬರುವ ದಾರಿಯಲ್ಲಿ ಹಿಡಿದರೆ ಕೋಣೆಯಲ್ಲಿ ಹಾರುವ ಧೂಳು ಎಷ್ಟೋ ಕಡಿಮೆ ಆಗುತ್ತದೆ. ಕ್ಯಾಬಿನೆಟ್‌ನ ಜಾಲರಿ ಫಿಲ್ಟರ್‌ಗಳನ್ನು ಬಿಚ್ಚಿ ಹೊರಗೆ ತಂದು ವ್ಯಾಕ್ಯೂಮ್ ಮಾಡಬಹುದು, ತೊಳೆಯಲೂಬಹುದು, ಪೂರ್ತಿ ಒಣಗಿದ ಮೇಲೆ ಹಾಕಿ.

ಬ್ರಷ್ ಮತ್ತು ರಬ್ಬರ್ ಬಲ್ಬ್

ಬರೀ ಗಾಳಿಗೆ ಜಗ್ಗದ ಧೂಳು ಇದ್ದೇ ಇರುತ್ತದೆ, ಅದರಲ್ಲೂ ಫ್ಯಾನ್ ರೆಕ್ಕೆಯ ಅಂಚಿನಲ್ಲಿ. ಮೃದು ಕೂದಲಿನ ಬ್ರಷ್‌ನಿಂದ ಮೆಲ್ಲಗೆ ಸಡಿಲ ಮಾಡಿ ಆಮೇಲೆ ಊದಿದರೆ ಅರ್ಧ ಒತ್ತಡದಲ್ಲೇ ಕೆಲಸ ಆಗುತ್ತದೆ. ಬ್ರಷ್‌ನ ಲೋಹದ ಪಟ್ಟಿ ಬೋರ್ಡ್‌ಗೆ ತಾಗದಿರಲಿ. ಕ್ಯಾಮೆರಾದವರು ಬಳಸುವ ರಬ್ಬರ್ ಬಲ್ಬ್‌ಗೆ ಹೀಟ್‌ಸಿಂಕ್ ಧೂಳು ತೆಗೆಯುವ ಶಕ್ತಿ ಇಲ್ಲ, ಆದರೆ ಲೆನ್ಸ್, ವೆಬ್‌ಕ್ಯಾಮ್, ಕ್ಯಾಮೆರಾ ಸೆನ್ಸರ್‌ಗೆ ಅದೇ ಬೇಕು. ಅಲ್ಲಿಗೆ ಕ್ಯಾನ್ ಹಿಡಿದರೆ ದ್ರವ ಚಿಮ್ಮಿ ಕಲೆ ಕೂರುತ್ತದೆ. ಬಾಯಿಯಿಂದ ಊದುವುದು ಬೇಡ, ಎಂಜಲು ಹಾರುತ್ತದೆ. ಹೇರ್ ಡ್ರೈಯರ್ ಬಿಸಿಯಾಗಿ ಇಟ್ಟರೆ ಪ್ಲಾಸ್ಟಿಕ್‌ಗೆ ಕೆಟ್ಟದ್ದು, ತಣ್ಣಗೆ ಇಟ್ಟರೆ ಬಲ ಸಾಲದು.

ಲ್ಯಾಪ್‌ಟಾಪ್ ಲೆಕ್ಕವೇ ಬೇರೆ

ಲ್ಯಾಪ್‌ಟಾಪ್‌ನಲ್ಲಿ ಫ್ಯಾನ್ ಮತ್ತು ಹೀಟ್‌ಸಿಂಕ್ ನಡುವಿನ ಕಿರಿದಾದ ಜಾಗದಲ್ಲಿ ಧೂಳು ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಗಿ ಹೆಣೆದುಕೊಳ್ಳುತ್ತದೆ. ಕೆಳಗಿನ ಕಿಂಡಿಯಿಂದ ಊದಿದರೆ ಅದು ಹೀಟ್‌ಸಿಂಕ್‌ಗೆ ಇನ್ನೂ ಒತ್ತಿಕೊಳ್ಳುತ್ತದೆ. ಬಿಸಿ ಗಾಳಿ ಬರುವ ಕಿಂಡಿಯಿಂದ ಊದಿದರೆ ಕಿತ್ತು ಬಂದು ಫ್ಯಾನ್ ಒಳಗೆ ಬೀಳುತ್ತದೆ. ಎರಡರಲ್ಲೂ ಹೊರಗೆ ಹೋಗುವುದು ಸ್ವಲ್ಪವೇ. ಹಿಂದಿನ ಮುಚ್ಚಳ ಬಿಚ್ಚಿ, ಬ್ಯಾಟರಿ ಕನೆಕ್ಟರ್ ತೆಗೆದು, ಆ ತುಂಡನ್ನು ಬ್ರಷ್‌ನಿಂದಲೋ ಚಿಮಟದಿಂದಲೋ ಎತ್ತಿ ತೆಗೆದರೆ ಮಾತ್ರ ನಿಜವಾಗಿ ಶುಚಿಯಾದಂತೆ. ಬಿಚ್ಚುವ ಧೈರ್ಯ ಇಲ್ಲ ಅಥವಾ ವಾರಂಟಿ ಇದೆ ಅಂದರೆ, ಆಫ್ ಮಾಡಿ, ಬಿಸಿ ಗಾಳಿ ಬರುವ ಕಡೆಯಿಂದ ಚಿಕ್ಕ ಚಿಕ್ಕದಾಗಿ ಊದಿ. ಸ್ವಲ್ಪ ದಿನ ಹಗುರ ಆಗುತ್ತದೆ.

ಯಾವುದೇ ಹಿಡಿದರೂ ಇವು ಮರೆಯಬೇಡಿ

ಪ್ಲಗ್ ಕೀಳಿ, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿಯಿರಿ, ಉಳಿದ ವಿದ್ಯುತ್ ಹರಿದುಹೋಗಲಿ. ಸಾಧ್ಯವಾದರೆ ಹೊರಗೆ ಒಯ್ಯಿರಿ, ಮಾಸ್ಕ್ ಹಾಕಿ. ಫ್ಯಾನ್ ರೆಕ್ಕೆಯನ್ನು ಬೆರಳಿನಿಂದಲೋ ಕಡ್ಡಿಯಿಂದಲೋ ಹಿಡಿದೇ ಊದಿ. ಗಾಳಿಗೆ ಗಿರಗಿರ ತಿರುಗಿದರೆ ನೋಡಲು ಖುಷಿ, ಆದರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ, ಮೋಟಾರ್ ಡೈನಮೋ ಆಗಿ ಬೋರ್ಡ್ ಕಡೆಗೆ ವಿದ್ಯುತ್ ದೂಡಲೂಬಹುದು. ಹೀಟ್‌ಸಿಂಕ್‌ಗೆ ಮಾಮೂಲಿ ಗಾಳಿ ಹೋಗುವ ದಿಕ್ಕಿಗೆ ಎದುರಾಗಿ ಊದಿ, ಧೂಳು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಮೇಲಿನಿಂದ ಶುರು ಮಾಡಿ ಕೆಳಗೆ ಬನ್ನಿ. ಖಾಲಿ ಇರುವ ರ‍್ಯಾಮ್ ಸ್ಲಾಟ್‌ಗಳಿಗೆ ನೇರವಾಗಿ ಧೂಳು ನುಗ್ಗಿಸಬೇಡಿ, ಹಾರ್ಡ್ ಡಿಸ್ಕ್ ಮೇಲಿನ ಸಣ್ಣ ಉಸಿರಾಟದ ತೂತಿಗೂ ಊದಬೇಡಿ.

ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದಂತೆ ಬದಲಿಸಿ ಕೊಡುವ ಪೆಟ್ಟಿಗೆ) ಅನ್ನು ಜಾಲರಿಯ ಹೊರಗಿನಿಂದಲೇ ಊದಿ. ಧೂಳು ಎಷ್ಟೇ ಕಾಣಲಿ, ಬಿಚ್ಚಬೇಡಿ. ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು, ಅದು ಜೀವ ತೆಗೆಯುವಷ್ಟು.

ಅಡುಗೆಮನೆಯ ಹತ್ತಿರ ಇಟ್ಟ ಕಂಪ್ಯೂಟರ್‌ನಲ್ಲೂ ಸಿಗರೇಟ್ ಹೊಗೆ ತುಂಬಿದ ಕೋಣೆಯ ಕಂಪ್ಯೂಟರ್‌ನಲ್ಲೂ ಧೂಳು ಜಿಡ್ಡಾಗಿ ಅಂಟಿರುತ್ತದೆ. ಅದಕ್ಕೆ ಯಾವ ಗಾಳಿಯೂ ಆಗುವುದಿಲ್ಲ, ಒತ್ತಡ ಹೆಚ್ಚಿಸುತ್ತಾ ಹೋಗಬೇಡಿ. ಫ್ಯಾನ್ ಬಿಚ್ಚಿ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ರೆಕ್ಕೆ ಒರೆಸಿ, ಒಣಗಲು ಬಿಡಿ. ಶುಚಿ ಮಾಡುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ಒಂದೇ ಕೆಲಸ ಕೊಟ್ಟು ಪ್ರೊಸೆಸರ್ ಎಷ್ಟು ಬಿಸಿಯಾಗುತ್ತದೆ ಅಂತ ಬರೆದಿಟ್ಟುಕೊಳ್ಳಿ. ಧೂಳೆಲ್ಲ ಹೋದರೂ ಬಿಸಿ ಇಳಿಯದಿದ್ದರೆ ಫ್ಯಾನ್ ಸರಿಯಾಗಿ ತಿರುಗುತ್ತಿದೆಯಾ, ಹೀಟ್‌ಸಿಂಕ್ ಅಡಿಯ ಥರ್ಮಲ್ ಪೇಸ್ಟ್ ಒಣಗಿದೆಯಾ ನೋಡಬೇಕು.